ಕಳುವಾದ ಶನಿವಾರಗಳು

2 ಮೇ 1999, ಭಾನುವಾರ

ಕಂಪ್ಯೂಟರು ತೀರಿಕೊಂಡು ವಾರವಾಗುತ್ತ ಬಂತು. ಏಪ್ರಿಲ್ ಇಪ್ಪತ್ತಾರರ ಬೆಳಿಗ್ಗೆ ಗುಂಡಿ ಒತ್ತಿದರೆ ಪರದೆ ಕಪ್ಪು. ಊರೂರಿಗೂ ಅದೇ ದಿನ ಬಡಿದ ವೈರಸ್ಸಂತೆ. ವಿಂಡೋಸ್ ಎಂದು ಹೆಸರಿಟ್ಟುಕೊಂಡು ಅಷ್ಟೊಂದು ಕಿಟಕಿ ತೆರೆದಿಟ್ಟರೆ ಕಳ್ಳ ಬರದೆ ನೆಂಟರು ಬರುತ್ತಾರೆಯೇ?

ಹೋದದ್ದು ಷೇರು ಬೆಲೆಗೆ ಚಾರ್ಟ್ ಹಾಕುವ ತಂತ್ರಾಂಶ. ಗೆಳೆಯರಿಂದ ಗೆಳೆಯರಿಗೆ ಹಂಚಿ ಬಂದ ಪ್ರಸಾದ ಅದು. ಮೂಲ ದೇವರು ಯಾರೆಂದು ಯಾರಿಗೂ ಗೊತ್ತಿಲ್ಲ. ಉಳಿದದ್ದು ನನ್ನ ಮೂರು ವರ್ಷದ ದುಡಿಮೆ. ದಿನಾ ಬೆಳಿಗ್ಗೆ ಪತ್ರಿಕೆ ಬಂದೊಡನೆ ವರಲಕ್ಷ್ಮಿ ಷೇರು ಬೆಲೆಗಳನ್ನು ಓದುವುದು, ನಾನು ಟೈಪು ಹೊಡೆಯುವುದು. ಮದುವೆಯಾದ ಮೇಲೆ ಅವಳು ಹೇಳಿದಂತೆ ನಾನು ಕೇಳಿದ್ದು ಅದೊಂದೇ ಹೊತ್ತಿನಲ್ಲಿ. ಅದೆಲ್ಲ ಫ್ಲಾಪಿಯಲ್ಲಿದ್ದು ಬದುಕಿತು.

ಬಾಮೈದ ಬೈರೇಶ ಕಂಪ್ಯೂಟರನ್ನು ಬೆಂಗಳೂರಿನ ಎಸ್.ಪಿ. ರೋಡಿಗೆ ಹೊತ್ತುಕೊಂಡು ಹೋಗಿ ಒಂದು ಚಿಪ್ಪು ಬದಲಾಯಿಸಿ ತಂದ. ಡಿಪ್ಲೊಮಾ ಓದಿದವನು, ಬಾಶೆಟ್ಟಿಹಳ್ಳಿ ಕಾರ್ಖಾನೆಯಲ್ಲಿ ಮಷೀನುಗಳಿಗೆ ಡಾಕ್ಟರು. ಅತ್ತೆ ಮಾವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಬೆಳೆದವನು.

‘ಭಾವ, ಈ ಸಲ ಬೇರೆ ಸಿಸ್ಟಮ್ ಹಾಕೋಣ್ವಾ? ಲಿನಕ್ಸ್ ಅಂತ. ಮ್ಯಾಗಜೀನ್ ಜೊತೆ ಸಿ.ಡಿ. ಫ್ರೀ ಬಂದಿದೆ.’

‘ಫ್ರೀ ಯಾಕೋ?’

‘ಯಾರ್ಯಾರೋ ಸೇರ್ಕೊಂಡು ಬರೆದು ಸುಮ್ನೆ ಕೊಟ್ಟಿದ್ದಾರೆ ಭಾವ.’

ಸುಮ್ಮನೆ! ನಾನು ಕಾಮರ್ಸ್ ಮೇಷ್ಟ್ರು. ಲಾಭವಿಲ್ಲದೆ ಶೆಟ್ಟಿ ಹೊಳೆಗೆ ಬೀಳುವುದಿಲ್ಲ ಎಂಬ ಗಾದೆ ಇದೆ. ಬಾಶೆಟ್ಟಿಹಳ್ಳಿಯವನು ಬೀಳುತ್ತಾನೆಯೇ? ಹಾಕು ಎಂದೆ. ಆದರೆ ಒಂದು ಕಣ್ಣಿಟ್ಟಿರಬೇಕು.

9 ಮೇ, ಭಾನುವಾರ

ಲಿನಕ್ಸ್ ಗೃಹಪ್ರವೇಶ ಆಯಿತು. ಅದರ ದೇವರು ಪೆಂಗ್ವಿನ್. ಹೊಟ್ಟೆ ಮುಂದೆ ಬಿಟ್ಟು ಕೂತಿದೆ, ಥೇಟ್ ನಮ್ಮ ಪ್ರಿನ್ಸಿಪಾಲರು ಘಟಿಕೋತ್ಸವದ ಕೋಟು ಹಾಕಿಕೊಂಡ ಹಾಗೆ. ಒಳಗೆ ಹೋಗಲು ಹೆಸರು ಹೇಳಬೇಕು, ಗುಟ್ಟಿನ ಪದ ಹೇಳಬೇಕು. ನನಗೊಂದು ಹೆಸರು, ಬೈರೇಶನಿಗೊಂದು ಹೆಸರು, ಇಬ್ಬರ ಮೇಲೂ ‘ರೂಟ್’ ಎಂಬ ಇನ್ನೊಂದು. ರೂಟ್ ಎಂದರೆ ಬೇರು. ಯಾರ ಫೈಲು ಬೇಕಾದರೂ ತೆಗೆಯಬಹುದು, ಅಳಿಸಬಹುದು. ಅದರ ಗುಟ್ಟಿನ ಪದ ಬೈರೇಶನ ಹತ್ತಿರವಿದೆ.

‘ನನಗೂ ಕೊಡಪ್ಪ.’

‘ಕೊಡ್ತೀನಿ ಭಾವ. ಅದ್ರಲ್ಲಿ ತಪ್ಪಿ ಏನಾದ್ರೂ ಒತ್ಬಿಟ್ರೆ ಎಲ್ಲಾ ಹೋಗ್ಬಿಡುತ್ತೆ, ಅದಕ್ಕೆ ಸ್ವಲ್ಪ ದಿನ…’

ಅಂದರೆ ನನ್ನ ಮನೆಯಲ್ಲಿ, ನನ್ನ ಮೇಜಿನ ಮೇಲೆ, ನನ್ನ ಕಂಪ್ಯೂಟರಿನಲ್ಲಿ ನಾನು ಬಾಡಿಗೆದಾರ. ಬೇರಿಗೆ ಒಡೆಯನಾದ ಮೇಲೆ ಅವನು ಇನ್ನು ಬೈರೇಶನಲ್ಲ, ಬೇರೇಶ.

ನನ್ನ ಫೈಲು ಹಳೆಯ ತಂತ್ರಾಂಶದ ಭಾಷೆಯಲ್ಲಿತ್ತು. ಈ ಸಿಸ್ಟಮ್ಮಿಗೆ ಅರ್ಥವಾಗುವಂತೆ ಅವನೇ ಬದಲಾಯಿಸಿ ಕೊಟ್ಟ. ಮೂಲ ಫ್ಲಾಪಿಯನ್ನು ನಾನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಹೇಳಿಲ್ಲ.

13 ಮೇ, ಗುರುವಾರ

ಬೈರೇಶನ ಗೆಳೆಯ ಅಂಜನ್ ಎಂಬವನು ಬೆಂಗಳೂರಿನ ಷೇರು ದಲ್ಲಾಳಿ ಕಚೇರಿಯಲ್ಲಿ ಗುಮಾಸ್ತ. ಸಂಜೆ ರೈಲಿಳಿದವನೇ ಒಂದು ಫ್ಲಾಪಿ ಕೊಡುತ್ತಾನೆ. ಅದರಲ್ಲಿ ಆ ದಿನದ ಎಲ್ಲ ಷೇರುಗಳ ಬೆಲೆಪಟ್ಟಿ. ಹಳೆಯ ತಿಂಗಳುಗಳದ್ದನ್ನೂ ಕೊಟ್ಟಿದ್ದಾನಂತೆ. ಪೇಟೆಯಲ್ಲಿ ಆ ಪಟ್ಟಿಗೆ ‘ಭಾವ್ ಕಾಪಿ’ ಎನ್ನುತ್ತಾರಂತೆ. ಹಿಂದಿಯಲ್ಲಿ ಭಾವ್ ಎಂದರೆ ಬೆಲೆ.

ಇಂಥ ಅವಕಾಶ ಬಿಡುತ್ತೇನೆಯೇ? ‘ವರಲಕ್ಷ್ಮೀ, ಭಾವನಿಗೆ ಕಾಪಿ!’ ಎಂದು ಕೂಗಿದೆ. ಅವಳು ನಿಜವಾಗಿಯೂ ಲೋಟ ತಂದಿಟ್ಟಳು. ಬೈರೇಶ ನಕ್ಕ. ತುಸು ಹೆಚ್ಚೇ ನಕ್ಕ. ನನ್ನ ಶ್ಲೇಷೆಗೆ ಅಷ್ಟು ನಗುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ಅವನು ಫ್ಲಾಪಿಯಿಂದ ಒಂದು ಫೈಲು ಕಟ್ಟುತ್ತಾನೆ. ನಾನು ಎಂದಿನಂತೆ ಪತ್ರಿಕೆ ನೋಡಿ ನನ್ನ ಫೈಲಿಗೆ ಹೊಡೆಯುತ್ತೇನೆ. ‘ಎರಡೂ ಇರ್ಲಿ ಬಿಡಿ ಭಾವ, ತಾಳೆ ನೋಡ್ಬೋದು’ ಎಂದ. ಯಾರು ಯಾರನ್ನು ತಾಳೆ ನೋಡುವುದೋ, ತಾಳುವವರು ಯಾರೋ.

22 ಮೇ, ಶನಿವಾರ

ಇವತ್ತು ನನ್ನ ಷೇರಿರುವ ಸಿಮೆಂಟ್ ಕಂಪನಿಯ ಚಾರ್ಟು ಹಾಕಿ ತೋರಿಸಿದ. ಇದರಲ್ಲಿ ಮೌಸಿನ ಕೆಲಸವಿಲ್ಲ. ಒಂದು ಸಾಲು ಆಜ್ಞೆ ಬರೆದರೆ ಪರದೆಯ ತುಂಬ ಗೆರೆ. ನನ್ನ ಫೈಲಿನದು ಕೆಂಪು, ಅವನದು ಹಸಿರು. ಎರಡಕ್ಕೂ ಒಂದೇ ಮೂಗು, ಒಂದೇ ಗಡ್ಡ, ಅವಳಿಗಳ ಹಾಗೆ. ಆದರೆ ಎಲ್ಲ ತಿರುವಿನಲ್ಲೂ ಹಸಿರು ಮೊದಲು, ಕೆಂಪು ಒಂದು ದಿನ ಹಿಂದೆ.

‘ಇದೇನಯ್ಯ, ನಿನ್ನ ಗೆರೆಗೆ ಬೆಲೆ ಏರೋದು ಒಂದಿನ ಮುಂಚೆನೇ ಗೊತ್ತಾಗುತ್ತೆ?’

ಅವನು ಪರದೆ ನೋಡಿದ. ಅಡುಗೆಮನೆಯ ಕಡೆ ನೋಡಿದ. ಕಿವಿ ಕೆಂಪಾಯಿತು.

‘ನೋಡ್ತೀನಿ ಭಾವ… ಏನೋ ಒಂಚೂರು ಸರಿಮಾಡ್ಬೇಕು.’

‘ಏನು?’

‘ಏನಿಲ್ಲ, ಚಿಕ್ಕದು.’

ಆ ಮುಖ ನಾನು ಬಲ್ಲೆ. ಇಪ್ಪತ್ತು ವರ್ಷದಿಂದ ಪರೀಕ್ಷಾ ಕೊಠಡಿಯಲ್ಲಿ ನೋಡುತ್ತಿದ್ದೇನೆ. ಚೀಟಿ ಇಟ್ಟುಕೊಂಡವನ ಮುಖ.

3 ಜೂನ್, ಗುರುವಾರ

ಪರೀಕ್ಷೆಯ ಮೇಲ್ವಿಚಾರಣೆಗೆ ಹೋಗಿದ್ದೆ. ಸ್ಟಾಫ್ ರೂಮಿನಲ್ಲಿ ಅರ್ಥಶಾಸ್ತ್ರದ ಕೊಂಡಪ್ಪ ಹತ್ತಿರ ಬಂದು ಕೂತ.

‘ಹನುಮಂತರಾಯಪ್ಪನೋರೇ, ನಿಮ್ಮ ಬಾಮೈದ ಷೇರಿನ ಚಾರ್ಟು ಹಾಕ್ತಾನಂತೆ? ನನ್ನವೂ ಎರಡು ಅವೆ, ಸ್ವಲ್ಪ ಹಾಕ್ಸಿಕೊಡಿ.’

‘ಚಾರ್ಟು ಹಾಕೋದು ನಾನು. ಮೂರು ವರ್ಷದಿಂದ ಹಾಕ್ತಿದ್ದೀನಿ.’

‘ಹೌದೌದು. ನೀವು ಹೇಳಿ, ಅವನು ಹಾಕ್ಲಿ.’

ಮೂರು ವರ್ಷ ನಾನು ಇದೇ ಕೋಣೆಯಲ್ಲಿ ಚಾರ್ಟು ಹಿಡಿದು ಉಪನ್ಯಾಸ ಕೊಟ್ಟಾಗ ಇದೇ ಕೊಂಡಪ್ಪ ಬಾಯಿ ತೆರೆದದ್ದು ಆಕಳಿಸಲಿಕ್ಕೆ ಮಾತ್ರ. ಬೈರೇಶ ಇವನಿಗೆ ಯಾವಾಗ ಸಿಕ್ಕಿದ? ಎಲ್ಲಿ ಸಿಕ್ಕಿದ? ಏನೇನು ಹೇಳಿದ?

ಸಂಜೆ ಚಾರ್ಟು ನೋಡಿದರೆ ಕೆಂಪು, ಹಸಿರು ಎರಡೂ ಒಂದರ ಮೇಲೊಂದು ಕೂತು ಒಂದೇ ಗೆರೆಯಾಗಿವೆ. ನಾನು ಏನನ್ನೂ ಬದಲಾಯಿಸಿಲ್ಲ. ‘ಸರಿಹೋಯ್ತು ಭಾವ’ ಎಂದ. ಹೇಗೆ ಎಂದು ಕೇಳಿದರೆ ‘ಸುಮ್ನೆ ಒಂದ್ ಸಾಲು ಬರೆದೆ’ ಎಂದ.

ಇವನ ಎಲ್ಲವೂ ಸುಮ್ಮನೆ.

12 ಜೂನ್, ಶನಿವಾರ

ಸಿಕ್ಕಿಬಿದ್ದ!

ಫೈಲನ್ನು ಕೊನೆಯ ಸಲ ಮುಟ್ಟಿದ್ದು ಯಾವತ್ತು, ಎಷ್ಟು ಹೊತ್ತಿಗೆ ಎಂದು ಹೇಳುವ ಆಜ್ಞೆಯೊಂದಿದೆ. ಪುಸ್ತಕ ನೋಡಿ ಕಲಿತೆ. ಕಿಟಕಿ ಇಲ್ಲದ ಮನೆಯಾದರೂ ಬಾಗಿಲಿನಲ್ಲಿ ಹೆಜ್ಜೆ ಗುರುತು ಉಳಿಯುತ್ತದೆ. ನನ್ನ ಬೆಲೆಗಳ ಫೈಲನ್ನು, ನನ್ನ ಸ್ವಂತ ಫೈಲನ್ನು, ನಾನು ಕಾಲೇಜಿನಲ್ಲಿದ್ದ ಹೊತ್ತಿನಲ್ಲಿ ಯಾರೋ ತಿದ್ದಿದ್ದಾರೆ. ಮನೆಯಲ್ಲಿ ಆಗ ಇದ್ದವನು ರಾತ್ರಿ ಪಾಳಿ ಮುಗಿಸಿ ಬಂದ ಬೈರೇಶ. ಬೇರೇಶ.

ಬೀರುವಿನಿಂದ ಮೂಲ ಫ್ಲಾಪಿ ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬೆಲೆಗಳು ಅವೇ. ತಾರೀಖುಗಳು ಬೇರೆ! ಮಂಗಳವಾರ ನಾನು ಹೊಡೆದದ್ದು ಸೋಮವಾರಕ್ಕೆ ಜರುಗಿದೆ, ಬುಧವಾರದ್ದು ಮಂಗಳವಾರಕ್ಕೆ. ಹೀಗೆ ಮೂರು ವರ್ಷವನ್ನೂ ಒಂದೊಂದು ದಿನ ಹಿಂದಕ್ಕೆ ನೂಕಿದ್ದಾನೆ. ಸೋಮವಾರದ ಪತ್ರಿಕೆಯಲ್ಲಿ ಷೇರು ಬೆಲೆಯೇ ಬರುವುದಿಲ್ಲ. ಇವನ ಕೃಪೆಯಿಂದ ಈಗ ಎಲ್ಲ ಸೋಮವಾರಕ್ಕೂ ಬೆಲೆ ಹುಟ್ಟಿದೆ. ಶನಿವಾರಗಳಂತೂ ಒಂದೂ ಉಳಿದಿಲ್ಲ. ಶನಿವಾರದ ಪತ್ರಿಕೆಯಿಂದ ವರಲಕ್ಷ್ಮಿ ಓದಿ, ನಾನೇ ಕೈಯಾರೆ ಹೊಡೆದ ಶನಿವಾರಗಳು! ಶನಿ ಬಿಟ್ಟಿತು ಎಂದು ಜನ ಹಣ್ಣುಕಾಯಿ ಮಾಡಿಸುತ್ತಾರೆ. ನಾನು ಯಾರಿಗೆ ದೂರು ಕೊಡಲಿ?

ಯಾಕೆ ಮಾಡಿದ? ಯೋಚಿಸಿದರೆ ಸ್ಪಷ್ಟ. ಗುರುವಾರ ಏರಿದ ಷೇರು ಬುಧವಾರವೇ ಏರಿದಂತೆ ತೋರಿಸಿದರೆ ಚಾರ್ಟು ಭವಿಷ್ಯ ನುಡಿದಂತಾಯಿತು. ನನ್ನ ಫೈಲು ಅವನ ಫೈಲಿಗೆ ಸಾಕ್ಷಿ ಹೇಳಿದಂತಾಯಿತು. ಕೊಂಡಪ್ಪನಂಥವರು ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ಚಾರ್ಟಿನಲ್ಲಿ ಹೀಗಾದರೆ ಮನೆಯಲ್ಲಿ ಇನ್ನೇನೇನು ಜರುಗಿಸಿದ್ದಾನೋ.

ವರಲಕ್ಷ್ಮಿಗೆ ಹೇಳಿಲ್ಲ. ಅವಳಿಗೆ ತಮ್ಮ ಎಂದರೆ ಮುಗಿಯಿತು. ಅವನನ್ನೂ ಕೇಳುವುದಿಲ್ಲ. ಕಳ್ಳನನ್ನು ಕೇಳಿದರೆ ಎಚ್ಚರವಾಗುತ್ತಾನೆ.

14 ಜೂನ್, ಸೋಮವಾರ

ಕೀಬೋರ್ಡ್ ಕಳಚಿ ಬ್ಯಾಗಿನಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದೆ. ಕೈಯಿಲ್ಲದೆ ಹೇಗೆ ಕದಿಯುತ್ತಾನೆ ನೋಡೋಣ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ‘ಸಾರ್, ಹಾರ್ಮೋನಿಯಂ ಕಲೀತಿದ್ದೀರಾ?’ ಎಂದು ಕೇಳಿದ. ಹೌದಪ್ಪ, ಮನೆಯಲ್ಲಿ ಅಪಸ್ವರ ಎದ್ದಿದೆ ಎಂದೆ.

ಬೈರೇಶ ಸಂಜೆ ಬಂದು ಬೋಳು ಮೇಜು ನೋಡಿದ. ನನ್ನನ್ನು ನೋಡಿದ. ಏನೂ ಕೇಳಲಿಲ್ಲ. ಫ್ಲಾಪಿಯನ್ನು ಮೇಜಿನ ಮೂಲೆಯಲ್ಲಿಟ್ಟು ಒಳಗೆ ಹೋದ. ತಪ್ಪಿಲ್ಲದವನಾಗಿದ್ದರೆ ಕೇಳುತ್ತಿರಲಿಲ್ಲವೇ?

20 ಜೂನ್, ಭಾನುವಾರ

ಅಧಿಕ ಮಾಸ ಮುಗಿದದ್ದೇ ತಡ, ವರಲಕ್ಷ್ಮಿಯ ದೊಡ್ಡಮ್ಮ ಮುತ್ಯಾಲಮ್ಮ ಬೈರೇಶನಿಗೆ ಸಂಬಂಧ ತಂದರು. ಕುಂದಾಣದ ಅಪ್ಪಯ್ಯಣ್ಣನವರ ಮಗಳು ಕೀರ್ತನ. ದ್ರಾಕ್ಷಿ ತೋಟ, ಮರ್ಯಾದಸ್ಥ ಜನ. ಹುಡುಗಿ ನನ್ನ ಹತ್ತಿರವೇ ಬಿ.ಕಾಂ. ಓದಿ ಹೋದ ವರ್ಷ ಮುಗಿಸಿದವಳು. ಮುಂದಿನ ಬೆಂಚು, ಜಾಣೆ.

ಫೋಟೋ ತೋರಿಸಿದಾಗ ಬೈರೇಶ ತಲೆಯೆತ್ತಿ ಕೂಡ ನೋಡಲಿಲ್ಲ. ‘ನೋಡೋ, ನಿನ್ಗೇ ಕಣೋ!’ ಎಂದು ಅಕ್ಕ ತಿವಿದಳು.

‘ನೋಡಿದ್ದೀನಿ ಅಕ್ಕ. ಪಾಳಿ ಮುಗಿಸಿ ನಾನು ಹತ್ತೋ ಬಸ್ಸಲ್ಲೇ ಕಾಲೇಜಿಗೆ ಬರ್ತಿದ್ರು. ಎರಡು ವರ್ಷ.’

‘ಮಾತಾಡಿದ್ದೀಯೇನೋ ಕಳ್ಳ?’

‘ಇಲ್ಲ.’

‘ಮತ್ತೆ ಇಷ್ಟಾನಾ?’

ಅವನು ಎದ್ದು ಹೋಗಿ ನಲ್ಲಿಯಿಲ್ಲದ ಹಿತ್ತಿಲಲ್ಲಿ ಮುಖ ತೊಳೆಯಲು ನಿಂತ. ವರಲಕ್ಷ್ಮಿ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಅವನನ್ನು ಎತ್ತಿ ಬೆಳೆಸಿದವಳು ಅವಳೇ.

ಕಳ್ಳ ಎಂದು ಅವಳೇ ಅಂದಳಲ್ಲ.

1 ಜುಲೈ, ಗುರುವಾರ

ಅಪ್ಪಯ್ಯಣ್ಣ ಮನೆಗೆ ಬರಲಿಲ್ಲ, ಕಾಲೇಜಿಗೆ ಬಂದರು. ನಮ್ಮ ಕಡೆ ಗಂಡು ವಿಚಾರಿಸುವ ಪದ್ಧತಿಯೇ ಹಾಗೆ. ಮನೆಯಲ್ಲಿ ಕೂತರೆ ಉಪ್ಪಿಟ್ಟು ಮಾತಾಡುತ್ತದೆ, ಬೀದಿಯಲ್ಲಿ ನಿಂತರೆ ಮನುಷ್ಯ ಮಾತಾಡುತ್ತಾನೆ. ಗೇಟಿನ ಎದುರಿನ ಹೋಟೆಲಿನಲ್ಲಿ ಕೂತೆವು.

‘ಮೇಷ್ಟ್ರೇ, ನೀವು ಹುಡುಗನ ಭಾವ ಅನ್ನೋದು ಗೊತ್ತೈತೆ. ನಾನು ಭಾವನ್ನ ಕೇಳಕ್ಕೆ ಬಂದಿಲ್ಲ. ನನ್ ಮಗಳಿಗೆ ಮೂರು ವರ್ಷ ಪಾಠ ಹೇಳಿದೋರನ್ನ ಕೇಳಕ್ಕೆ ಬಂದಿದ್ದೀನಿ. ಹುಡುಗ ಎಂಗೆ?’

‘ಬುದ್ಧಿವಂತ. ಕುಡಿಯಲ್ಲ, ಸೇದಲ್ಲ. ಕೆಲಸದಲ್ಲಿ ಬಲು ಚುರುಕು. ಆದ್ರೆ…’

ಮಾಣಿ ಕಾಫಿ ತಂದಿಟ್ಟ. ನಾನು ಲೋಟ ಎತ್ತಿದೆ. ಬಿಸಿ ಇತ್ತು, ಆರಿಸಿಕೊಂಡು ಕುಡಿದೆ. ಅಪ್ಪಯ್ಯಣ್ಣ ಕಾದರು. ನಾನು ಮುಂದೆ ಏನೂ ಹೇಳಲಿಲ್ಲ. ಏನು ಹೇಳುವುದು? ಶನಿವಾರ ಕದ್ದ ಎಂದು ದ್ರಾಕ್ಷಿ ಬೆಳೆಯುವವರಿಗೆ ವಿವರಿಸಲೇ?

‘ಆಯ್ತು ಮೇಷ್ಟ್ರೇ’ ಎಂದು ಎದ್ದರು. ಅವರ ಲೋಟ ಹಾಗೇ ಇತ್ತು.

ನಾನು ಸುಳ್ಳು ಹೇಳಲಿಲ್ಲ. ದೂರೂ ಹೇಳಲಿಲ್ಲ. ಒಂದು ಪದ, ಅದೂ ಅರ್ಧ ವಾಕ್ಯ. ನಾಳೆ ಏನಾದರೂ ಆದರೆ, ಮೇಷ್ಟ್ರು ಒಂದು ಮಾತು ಹೇಳಬಾರದಾಗಿತ್ತೇ ಎಂದು ಅವರು ಕೇಳುವಂತಾಗಬಾರದಲ್ಲ.

7 ಜುಲೈ, ಬುಧವಾರ

ಮುತ್ಯಾಲಮ್ಮ ಬಂದಿದ್ದರು. ಹುಡುಗಿಯನ್ನು ಇನ್ನೂ ಓದಿಸುತ್ತಾರಂತೆ, ಸದ್ಯಕ್ಕೆ ಬೇಡವಂತೆ.

‘ಓದ್ಸೋರು ಫೋಟೋ ಯಾಕೆ ಕೊಟ್ರು ದೊಡ್ಡಮ್ಮ?’ ಎಂದು ವರಲಕ್ಷ್ಮಿ ಕೇಳಿದಳು. ‘ಯಾರೋ ಏನೋ ಊದಿದ್ದಾರೆ ಕಣೆ’ ಎಂದರು ಮುತ್ಯಾಲಮ್ಮ.

ನಾನು ಪತ್ರಿಕೆ ಓದುತ್ತಿದ್ದೆ. ಸಿಮೆಂಟು ಇಳಿದಿದೆ.

9 ಜುಲೈ, ಶುಕ್ರವಾರ

ಬೈರೇಶ ಎರಡು ಪಾಳಿ ಒಟ್ಟಿಗೆ ಮಾಡುತ್ತಿದ್ದಾನೆ. ಮನೆಗೆ ಬಂದರೆ ಊಟ, ನಿದ್ದೆ. ಫ್ಲಾಪಿ ತರುವುದು ನಿಲ್ಲಿಸಿದ. ಕೀಬೋರ್ಡ್ ಹೊರುವುದು ನಾನು ಇನ್ನೂ ನಿಲ್ಲಿಸಿಲ್ಲ. ಕಾಲೇಜಿನ ಜವಾನ ಆವಲಪ್ಪ ಕೂಡ ಬ್ಯಾಗಿನ ಮೇಲೆ ಕಣ್ಣಿಟ್ಟಿದ್ದಾನೆ.

15 ಜುಲೈ, ಗುರುವಾರ

ಬೆಳಿಗ್ಗೆ ವರಲಕ್ಷ್ಮಿ ಬೆಲೆ ಓದಲು ಬರಲಿಲ್ಲ. ಕೆಲಸ ಇದೆ ಎಂದಳು. ನಾನೇ ಓದಿಕೊಂಡು ನಾನೇ ಹೊಡೆದೆ. ಎರಡು ಕಡೆ ತಪ್ಪಾಯಿತು.

17 ಜುಲೈ, ಶನಿವಾರ

ಮಗ್ಗದ ಸದ್ದು ಬೀದಿಯಿಂದ. ಮನೆಯಲ್ಲಿ ಬೇರೆ ಸದ್ದಿಲ್ಲ.

21 ಜುಲೈ, ಬುಧವಾರ

ಎರಡನೇ ಬಿ.ಕಾಂ.ಗೆ ಷೇರು ವಿನಿಮಯ ಕೇಂದ್ರದ ಪಾಠ ಶುರು ಮಾಡಿದೆ. ಪ್ರತಿ ವರ್ಷ ಮಾಡುವ ಪಾಠ, ಪ್ರತಿ ವರ್ಷದ ಟಿಪ್ಪಣಿ. ‘ವಹಿವಾಟಿನ ದಿನಗಳು’ ಎಂದು ಹಲಗೆಯ ಮೇಲೆ ಬರೆದು ಪಕ್ಕದಲ್ಲಿ ‘ಸೋಮವಾರದಿಂದ ಶುಕ್ರವಾರ’ ಎಂದು ಬರೆದೆ. ‘ಶನಿವಾರ, ಭಾನುವಾರ ರಜೆ’ ಎಂದು ಬಾಯಲ್ಲಿ ಹೇಳಿದೆ. ಮಕ್ಕಳು ಬರೆದುಕೊಂಡರು.

ನಾನು ಹಲಗೆ ನೋಡುತ್ತ ನಿಂತೆ.

‘ಸಾರ್, ಮುಂದೆ?’ ಎಂದಿತು ಒಂದು ಧ್ವನಿ.

ತರಗತಿ ಬಿಟ್ಟುಬಿಟ್ಟೆ.

ರಜೆಯ ದಿನ ಬೆಲೆ ಎಲ್ಲಿಂದ ಬರಬೇಕು? ಶನಿವಾರದ ಪತ್ರಿಕೆಯಲ್ಲಿ ಇರುವುದು ಶುಕ್ರವಾರದ ಬೆಲೆ. ಮಂಗಳವಾರದ್ದರಲ್ಲಿ ಸೋಮವಾರದ್ದು. ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, ಪತ್ರಿಕೆಯಲ್ಲಿ ಬರುವುದು ನಿನ್ನೆಯ ಸುದ್ದಿ. ನನಗೂ ಗೊತ್ತಿತ್ತು. ಮೂರು ವರ್ಷ, ವರಲಕ್ಷ್ಮಿ ಓದುವ ಬೆಲೆಗೆ ನಾನು ಪತ್ರಿಕೆಯ ನೆತ್ತಿಯ ಮೇಲಿನ ತಾರೀಖು ಹಾಕುತ್ತ ಬಂದೆ. ಬೈರೇಶನ ಫ್ಲಾಪಿಯಲ್ಲಿದ್ದದ್ದು ನಿಜವಾದ ದಿನ. ಅವನ ಗೆರೆ ಒಂದು ದಿನ ಮುಂದೆ ಇರಲಿಲ್ಲ. ನನ್ನದು ಹಿಂದೆ ಇತ್ತು.

ಅವನು ಕದಿಯಲಿಲ್ಲ. ಎಲ್ಲವನ್ನೂ ಅದರದರ ದಿನಕ್ಕೆ ಸೇರಿಸಿಟ್ಟ.

22 ಜುಲೈ, ಗುರುವಾರ

ಕೀಬೋರ್ಡನ್ನು ಮತ್ತೆ ಜೋಡಿಸಿದೆ. ಬೈರೇಶ ಪಾಳಿ ಮುಗಿಸಿ ಬಂದ. ವರಲಕ್ಷ್ಮಿ ಅಂಗಡಿಗೆ ಹೋದ ಹೊತ್ತು ನೋಡಿ ಕೇಳಿದೆ.

‘ನನ್ನ ಫೈಲಿನ ತಾರೀಖು ನೀನು ತಿದ್ದಿದ್ದೆ.’

ಅವನ ಕಿವಿ ಮತ್ತೆ ಕೆಂಪಾಯಿತು. ‘ಹೂಂ ಭಾವ.’

‘ತಪ್ಪು ಅಂತ ನನಗೆ ಹೇಳ್ಬಾರ್ದಾಗಿತ್ತಾ?’

‘ಎಂಗೆ ಹೇಳ್ಲಿ ಭಾವ? ನೀವು ಕಾಲೇಜಲ್ಲಿ ಇದನ್ನೇ ಪಾಠ ಮಾಡೋರು. ಅವತ್ತು ಅಕ್ಕ ಬೇರೆ ಅಡುಗೆಮನೇಲಿದ್ಲು. ಒಂದ್ ಸಾಲು ಬರೆದ್ರೆ ದಿನಾ ತಾನಾಗೇ ಸರಿಹೋಗುತ್ತೆ, ನಿಮಗೆ ಗೊತ್ತೂ ಆಗಲ್ಲ ಅಂತ…’

ಅಷ್ಟೇ. ಭಾವನಿಗೆ ತಪ್ಪು ತೋರಿಸಬಾರದು. ನಮ್ಮ ಮನೆಗಳಲ್ಲಿ ಹಾಗೆ ಬೆಳೆಸುತ್ತೇವೆ, ಬೆಳೆದ ಮೇಲೆ ಮೆಚ್ಚಿಕೊಳ್ಳುತ್ತೇವೆ.

ಕುಂದಾಣದ ವಿಷಯ ನಾನು ಅವನಿಗೆ ಹೇಳಲಿಲ್ಲ. ಬಾಯಿಗೆ ಬಂದಿತ್ತು. ವರಲಕ್ಷ್ಮಿ ಗೇಟು ತೆಗೆದ ಸದ್ದಾಯಿತು.

25 ಜುಲೈ, ಭಾನುವಾರ

ಯಾರಿಗೂ ಹೇಳದೆ ಕುಂದಾಣಕ್ಕೆ ಹೋಗಿದ್ದೆ. ಅಪ್ಪಯ್ಯಣ್ಣ ದ್ರಾಕ್ಷಿ ಚಪ್ಪರದ ಕೆಳಗೆ ತಂತಿ ಬಿಗಿಯುತ್ತಿದ್ದರು. ಮನೆಯ ಜಗಲಿಗೆ ಕರೆದುಕೊಂಡು ಹೋದರು. ಕಂಬಳಿ ಹಾಸಿದರು, ಮಜ್ಜಿಗೆ ಕೊಟ್ಟರು. ಕಣ್ಣು ಮಾತ್ರ ನನ್ನ ಮೇಲಿಂದ ತೆಗೆಯಲಿಲ್ಲ.

‘ಬೈರೇಶ ಚಿನ್ನದಂಥ ಹುಡುಗ ಅಪ್ಪಯ್ಯಣ್ಣನೋರೇ. ಅದನ್ನ ಹೇಳೋಕೇ ಬಂದೆ.’

‘ಆಷಾಢದಾಗೆ ಯಾರೂ ಮದುವೆ ಮಾತಿಗೆ ಬರಲ್ಲ ಮೇಷ್ಟ್ರೇ. ಅಂಥಾ ಅವಸರ ಏನು?’

‘ಅವತ್ತು ನಾನು ಏನೋ ಅಂದೆ…’

‘ಅವತ್ತು ನೀವು ಏನೂ ಅನ್ಲಿಲ್ಲ. ಆದ್ರೆ ಅಂದು ಕಾಫಿ ಕುಡುದ್ರಿ. ಅಂದಿದ್ದನ್ನ ವಾಪಸ್ ತಗೋಬೋದು. ಅನ್ದೇ ಇದ್ದಿದ್ದನ್ನ ಎಂಗೆ ತಗೋತೀರಿ?’

ಅವರೇ ಮುಂದುವರಿಸಿದರು.

‘ಅವತ್ತು ಅಂಗೆ, ಇವತ್ತು ಇಂಗೆ. ಮಧ್ಯ ಏನಾಯ್ತು? ಮನೇಲಿ ಎಂಡ್ರು ಜಗಳ ಆಡಿ ಕಳ್ಸಿದ್ರಾ? ಇಲ್ಲಾ ಹುಡುಗನೇ ಏಳಿ ಬನ್ನಿ ಅಂದ್ನಾ?’

ಅನುಮಾನ ಎದುರಿಗೆ ಕೂತು ಮಜ್ಜಿಗೆ ಲೋಟ ತಿರುಗಿಸುತ್ತಿತ್ತು. ಹೊಗಳಿದಷ್ಟೂ ಅದು ಬೆಳೆಯುತ್ತದೆ ಎಂದು ಗೊತ್ತಾಯಿತು. ಇಷ್ಟು ದಿನ ಅದನ್ನು ಸಾಕಿದವನಿಗೆ ಗೊತ್ತಾಗದೆ ಇರುತ್ತದೆಯೇ.

ಹಾಗಾಗಿ ಎಲ್ಲ ಹೇಳಿದೆ. ಪತ್ರಿಕೆ, ತಾರೀಖು, ಎರಡು ಗೆರೆ, ಫೈಲು ತಿದ್ದಿದ್ದು, ಕೀಬೋರ್ಡು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದ್ದು. ಅವರಿಗೆ ಅರ್ಥವಾಗುವಂತೆ ಹೇಳಲು ಹೋಗಿ ದ್ರಾಕ್ಷಿಯ ದರವನ್ನೇ ಹಿಡಿದೆ. ‘ಮಂಡಿಯಲ್ಲಿ ಶುಕ್ರವಾರ ಕೂಗಿದ ದರ, ಶನಿವಾರ ಪೇಪರಲ್ಲಿ ಬರುತ್ತೆ. ನಾನು ಅದನ್ನ ಶನಿವಾರದ ದರ ಅಂತ ಬರೆದಿಟ್ಟೆ.’

ಬಾಗಿಲ ಮರೆಯಿಂದ ಕಿಸಕ್ಕನೆ ನಗು ಬಂತು. ತಡೆಯಲು ಹೋಗಿ ಕೆಮ್ಮಾಯಿತು.

‘ಯಾಕವ್ವಾ?’ ಎಂದರು ಅಪ್ಪಯ್ಯಣ್ಣ, ತಿರುಗದೆ.

‘ಅಪ್ಪ, ಶನಿವಾರ ಷೇರು ಮಾರ್ಕೆಟ್ಟೇ ಇರಲ್ಲ’ ಎಂದಳು ಕೀರ್ತನ ಒಳಗಿನಿಂದ. ‘ಪರೀಕ್ಷೇಲಿ ಒಂದ್ ಮಾರ್ಕಿಗೆ ಕೇಳಿದ್ರು. ಸಾರೇ ಹೇಳ್ಕೊಟ್ಟಿದ್ದು.’

‘ಹೌದಮ್ಮ’ ಎಂದೆ. ‘ನಾನೇ ಹೇಳ್ಕೊಟ್ಟಿದ್ದು.’

ಅಪ್ಪಯ್ಯಣ್ಣ ನಗಲಿಲ್ಲ.

‘ತಪ್ಪು ನಿಮ್ದು ಅಂತ ಹುಡುಗನಿಗೆ ಮೊದ್ಲೇ ಗೊತ್ತಿತ್ತಾ?’

‘ಗೊತ್ತಿತ್ತು.’

‘ಆದ್ರೂ ಏಳ್ಲಿಲ್ಲ. ಸುಮ್ನೆ ಸರಿಮಾಡ್ದ.’

‘ಹೂಂ.’

‘ನೀವು ಕೀಬೋರ್ಡ್ ಕಿತ್ಕೊಂಡಾಗ್ಲೂ ಯಾಕೆ ಅಂತ ಕೇಳ್ಲಿಲ್ಲ.’

‘ಇಲ್ಲ.’

‘ಏಳ್ದೇ ತಿದ್ದೋನು ಒಬ್ಬ, ಏಳ್ದೇ ಕೆಡ್ಸೋರು ಒಬ್ರು. ನಿಮ್ ಮನೇಲಿ ಬಾಯಿ ಬಿಟ್ಟು ಮಾತಾಡೋರೇ ಇಲ್ವಾ ಮೇಷ್ಟ್ರೇ? ನನ್ ಮಗಳನ್ನ ಕೊಟ್ರೆ ಅವಳು ಅಲ್ಲಿ ಗೋಡೆ ಜೊತೆ ಮಾತಾಡ್ಬೇಕಾ?’

ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ.

‘ನೀವು ಮೊದ್ಲು ಹೋಗಿ ಆ ಹುಡುಗನಿಗೆ ಏಳಿ. ನಿನ್ ಸಂಬಂಧ ಕೆಡ್ಸಿದ್ದು ನಾನು ಅಂತ, ನಿಮ್ ಬಾಯಾಗೆ. ಆಮೇಲೆ ಅವನಿಗೆ ಬೇಕಿದ್ರೆ ಅವನೇ ಬರ್ಲಿ. ಮುತ್ಯಾಲಮ್ಮ ಬೇಡ, ನೀವೂ ಬೇಡ. ಅವನ ಬಾಯಲ್ಲಿ ಮಾತು ಐತಾ ಇಲ್ವಾ ನಾನು ನೋಡ್ಬೇಕು.’

ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಕೀರ್ತನ ಬಾಗಿಲಿಗೆ ಬಂದಳು. ‘ಬಸ್ಸು ಈಗ ಇಲ್ಲ ಸಾರ್, ಇನ್ನೂ ಮುಕ್ಕಾಲು ಗಂಟೆ ಇದೆ, ಕೂತ್ಕೊಳ್ಳಿ’ ಎಂದಳು. ಕೂರಲಿಲ್ಲ. ರಸ್ತೆಯಲ್ಲಿ ನಿಂತೆ.

26 ಜುಲೈ, ಸೋಮವಾರ

ಹೇಳಿದೆ.

ಊಟಕ್ಕೆ ಕೂತಾಗ, ವರಲಕ್ಷ್ಮಿ ಮುದ್ದೆ ಬಡಿಸುತ್ತಿರುವಾಗ, ಇಬ್ಬರ ಎದುರಿಗೂ, ಅಪ್ಪಯ್ಯಣ್ಣ ಅವನೇ ಬರಲಿ ಎಂದದ್ದನ್ನೂ ಸೇರಿಸಿ. ಈ ಸಲ ಹೊತ್ತು ನೋಡಲಿಲ್ಲ. ನೋಡಿದ್ದರೆ ಇನ್ನೊಂದು ವಾರ ಆಗುತ್ತಿತ್ತು.

ಬೈರೇಶ ತಟ್ಟೆ ನೋಡುತ್ತ ಕೇಳಿದ. ‘ಆದ್ರೆ ಅಂದು ಏನಂದ್ರಿ ಭಾವ?’

‘ಏನೂ ಅನ್ಲಿಲ್ಲ.’

‘ಬರೀ ಆದ್ರೆ?’

‘ಬರೀ ಆದ್ರೆ.’

ಕೈ ತೊಳೆದ. ಪಾಳಿಗೆ ಇನ್ನೂ ಹೊತ್ತಿತ್ತು. ಆದರೂ ಷರ್ಟು ಹಾಕಿಕೊಂಡು ಹೋದ. ಮುದ್ದೆ ಮುರಿದದ್ದು ಅರ್ಧ.

ವರಲಕ್ಷ್ಮಿ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ‘ನಮ್ಮಪ್ಪ ಅಮ್ಮ ಇದ್ದಿದ್ರೆ ಕುಂದಾಣದೋರು ನಿಮ್ಮನ್ನ ಕೇಳೋಕೆ ಬರ್ತಿರ್ಲಿಲ್ಲ’ ಎಂದಳು. ಆಮೇಲೆ ಅವನ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

29 ಜುಲೈ, ಗುರುವಾರ

ಬೈರೇಶ ಬರುತ್ತಾನೆ, ಹೋಗುತ್ತಾನೆ. ನನ್ನನ್ನು ನೋಡಿದರೆ ಪಕ್ಕಕ್ಕೆ ಸರಿಯುವುದಿಲ್ಲ, ಮಾತೂ ಆಡುವುದಿಲ್ಲ. ಇಂದು ರೂಟಿನ ಗುಟ್ಟಿನ ಪದವನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟು ಹೋಗಿದ್ದಾನೆ. ನಾನು ಕೇಳಿರಲಿಲ್ಲ. ಹಾಕಿ ನೋಡಿಲ್ಲ.

ಬೆಳಿಗ್ಗೆ ಬೆಲೆ ಹೊಡೆಯುವುದು ಬಿಟ್ಟಿದ್ದೇನೆ. ಸಿಮೆಂಟು ಏರಿತೋ ಇಳಿಯಿತೋ ತಿಳಿಯದು.

1 ಆಗಸ್ಟ್, ಭಾನುವಾರ

ಬೆಳಿಗ್ಗೆ ಬೈರೇಶ ನಡುಮನೆಯಲ್ಲಿ ಬಿಳಿ ಷರ್ಟಿಗೆ ಇಸ್ತ್ರಿ ಹಾಕುತ್ತಿದ್ದ. ಕಾಲರನ್ನು ಮತ್ತೆ ಮತ್ತೆ ತೀಡುತ್ತಿದ್ದ.

‘ಎಲ್ಲಿಗೋ?’ ಎಂದೆ.

‘ಕುಂದಾಣಕ್ಕೆ.’

ವರಲಕ್ಷ್ಮಿ ಅಡುಗೆಮನೆಯಿಂದ ಇಣುಕಿದಳು. ‘ಆಷಾಢ ಕಳೀಲಿ ಕಣೋ…’

‘ಮದ್ವೆ ಮಾತಿಗಲ್ಲ ಅಕ್ಕ. ಅವರು ಕೇಳಿದ್ದಕ್ಕೆ ಹೇಳಿ ಬರ್ತೀನಿ. ಅವಳ ಹತ್ರಾನೂ ಒಂದ್ ಮಾತಾಡ್ಬೇಕು, ಅಪ್ಪಯ್ಯಣ್ಣನೋರು ಬಿಟ್ರೆ. ಬಿಡ್ದಿದ್ರೆ ಅವರ ಮುಂದೇನೇ ಮಾತಾಡ್ತೀನಿ.’

‘ಏನ್ ಮಾತಾಡ್ತೀಯೋ?’

‘ಗೊತ್ತಿಲ್ಲ.’

ಷರ್ಟು ಹಾಕಿಕೊಂಡ.

‘ನಾನೂ ಜೊತೆಗೆ ಬರ್ಲಾ?’ ಎಂದೆ.

‘ಬೇಡ ಭಾವ’ ಎಂದ, ನನ್ನ ಮುಖ ನೋಡಿಕೊಂಡೇ.

ಮತ್ತೆ ಏನಾದರೂ ಹೇಳುತ್ತಾನೆಂದು ಕಾದೆ. ಅವನೂ ಕಾದ. ಬಾಗಿಲಿಗೆ ಅಡ್ಡ ನಿಂತವನು ನಾನೇ ಎಂದು ಆಮೇಲೆ ತಿಳಿಯಿತು. ಸರಿದು ನಿಂತೆ. ಹೋದ.